‘ಡ್ರಾಬ್ಯಾಕ್’ ಎಂಬ ಪದಕ್ಕೆ ‘ದೋಷ’ ಎಂದು ಬರೆಯಬಹುದೇ?

ನಾಲೆಬಯಲು (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ರೈತರ ಗುಂಪಿನಲ್ಲಿ ನಾನು ಬರವಣಿಗೆಯ ಕೆಲಸ ನೋಡಿಕೊಳ್ಳುತ್ತೇನೆ. ಕಬ್ಬಿಗೆ ಹನಿ ನೀರಾವರಿ ಅಳವಡಿಸುವ ಬಗ್ಗೆ ಇಂಗ್ಲಿಷಿನಲ್ಲಿರುವ ನಾಲ್ಕು ಪುಟಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಹೊಣೆಯನ್ನು ಗುಂಪಿನವರು ನನಗೆ ವಹಿಸಿದ್ದಾರೆ. ಮೊದಲ ಎರಡು ಪುಟಗಳಲ್ಲಿ ಹನಿ ನೀರಾವರಿಯ ಲಾಭಗಳಿವೆ. ಅವುಗಳನ್ನು ಬರೆಯುವುದು ಕಷ್ಟವಾಗಲಿಲ್ಲ. ಮೂರನೆಯ ಪುಟಕ್ಕೆ ‘ಡ್ರಾಬ್ಯಾಕ್ಸ್’ ಎಂಬ ತಲೆಬರಹವಿದ್ದು, ಅದರ ಕೆಳಗೆ ಐದು ಅಂಶಗಳಿವೆ: ಮೊದಲಿಗೆ ಕೈಯಿಂದ ಹಾಕಬೇಕಾದ ಹಣ ಹೆಚ್ಚು, ಗಡುಸು ನೀರಿನ ಉಪ್ಪು ಕಟ್ಟಿಕೊಂಡು ಡ್ರಿಪ್ಪರುಗಳು ಮುಚ್ಚಿಹೋಗುತ್ತವೆ, ಇಲಿ ಮತ್ತು ಅಳಿಲುಗಳು ಪೈಪನ್ನು ಕಡಿಯುತ್ತವೆ, ಕಟಾವಿನ ನಂತರ ತರಗಿಗೆ ಬೆಂಕಿ ಕೊಡುವ ರೂಢಿಯಿದ್ದರೆ ಅದಕ್ಕೆ ಮೊದಲೇ ಪೈಪುಗಳನ್ನು ಸುತ್ತಿ ತೆಗೆದಿಡಬೇಕು, ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ (ಸರದಿಯಂತೆ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ಬರುವ ಕಡೆ ಹೊಂಡವೋ ಕೊಳವೆಬಾವಿಯೋ ಇಲ್ಲದೆ ಇದು ನಡೆಯುವುದಿಲ್ಲ.

ನಿಘಂಟು ನೋಡಿ ತಲೆಬರಹಕ್ಕೆ ‘ಹನಿ ನೀರಾವರಿಯ ದೋಷಗಳು’ ಎಂದು ಬರೆದೆ. ಕಳೆದ ಭಾನುವಾರ ಕರಡನ್ನು ಸಭೆಯಲ್ಲಿ ಓದಿದಾಗ, ಎಪ್ಪತ್ತರ ಆಸುಪಾಸಿನ ರೈತರೊಬ್ಬರು ಕೈಯೆತ್ತಿ, “ದೋಸ ಅದೆ ಅಂತ ನೀವೇ ಬರೆದ್ಮೇಲೆ ನಾವ್ಯಾಕವ್ವ ಇದ್ನ ಹಾಕುಸ್ಕೊಬೇಕು?” ಎಂದು ಕೇಳಿದರು. ಅವರು ಕುಹಕದಿಂದ ಕೇಳಿದ ಮಾತಲ್ಲ, ನಿಜವಾಗಿಯೂ ಅವರಿಗೆ ಗೊಂದಲವಾಗಿತ್ತು. ನನಗೂ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ‘ನ್ಯೂನತೆಗಳು’ ಎಂದು ತಿದ್ದಿದೆ, ಆಮೇಲೆ ‘ಹಿನ್ನಡೆಗಳು’ ಎಂದು ತಿದ್ದಿದೆ. ಯಾವುದೂ ಕೂರುತ್ತಿಲ್ಲ.

ಇಂಗ್ಲಿಷಿನವರು ಈ ಪದವನ್ನು ಸರಿಯಾಗಿ ಯಾವ ಅರ್ಥದಲ್ಲಿ ಬಳಸುತ್ತಾರೆ, ಅದಕ್ಕೆ ನಮ್ಮಲ್ಲಿ ಹೊಂದುವ ಮಾತು ಯಾವುದು ಎಂದು ತಿಳಿದವರು ದಯವಿಟ್ಟು ಹೇಳಬೇಕು. ಮುಂದಿನ ವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ.

ಹಳೆಯ ಮೇಷ್ಟ್ರು (ಮೈಸೂರು)

ನಿಮ್ಮ ಸಭೆಯ ಆ ಹಿರಿಯರು ಕೇಳಿದ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದವನಾಗಿ ಹೇಳುತ್ತೇನೆ: ಈ ಪದವನ್ನು ನಾವು ತರಗತಿಯಲ್ಲಿ ‘ದೋಷ’ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟು ಮಕ್ಕಳಿಗೆ ಅನ್ಯಾಯ ಮಾಡಿದ್ದೇವೆ.

‘ಡ್ರಾ’ ಎಂದರೆ ಎಳೆ, ‘ಬ್ಯಾಕ್’ ಎಂದರೆ ಹಿಂದಕ್ಕೆ. ಮುಂದೆ ಹೋಗುತ್ತಿರುವುದನ್ನು ಹಿಂದಕ್ಕೆ ಜಗ್ಗುವುದು ಎಂಬುದು ಆ ಪದದೊಳಗಿನ ಚಿತ್ರ. ಏರಿನಲ್ಲಿ ಕಬ್ಬು ತುಂಬಿದ ಗಾಡಿಯನ್ನು ಎತ್ತುಗಳು ಎಳೆಯುತ್ತಿರುವಾಗ ಹೊರೆಯ ಭಾರ ಹಿಂದಕ್ಕೆ ಜಗ್ಗುವುದನ್ನು ಮಂಡ್ಯದವರು ಕಂಡೇ ಇರುತ್ತೀರಿ. ಗಾಡಿ ಮುರಿದಿಲ್ಲ, ಎತ್ತಿಗೆ ಕಾಲುನೋವಿಲ್ಲ, ಹೊರೆ ಹೊರುವುದೇ ಆ ಗಾಡಿಯ ಕೆಲಸ, ಆದರೂ ಜಗ್ಗುವ ಭಾರ ಇದ್ದೇ ಇದೆ. ಆದ್ದರಿಂದ ಈ ಪದ ಇಂಗ್ಲಿಷಿನಲ್ಲಿ ಹೆಚ್ಚಾಗಿ ಒಂದು ಮೆಚ್ಚುಗೆಯ ಬೆನ್ನಿಗೇ ಬರುತ್ತದೆ. ‘ದಿ ಓನ್ಲಿ ಡ್ರಾಬ್ಯಾಕ್ ಈಸ್’ ಎಂದು ಅವರು ವಾಕ್ಯ ಆರಂಭಿಸಿದರೆ, ಉಳಿದದ್ದೆಲ್ಲ ಚೆನ್ನಾಗಿದೆ ಎಂದು ಒಪ್ಪಿಕೊಂಡಂತೆಯೇ. ಕುವೆಂಪುನಗರದಲ್ಲಿ ಬಾಡಿಗೆ ಮನೆ ನೋಡಿ ಬಂದವರು, “ಮನೆ ಬಹಳ ಚೆನ್ನಾಗಿದೆ, ಗಾಳಿ ಬೆಳಕು ಧಾರಾಳ, ಒಂದೇ ತೊಂದರೆ ಎಂದರೆ ಮೂರನೇ ಮಹಡಿ, ಅಮ್ಮನಿಗೆ ಹತ್ತಲಾಗುವುದಿಲ್ಲ” ಎನ್ನುತ್ತಾರಲ್ಲ, ಆ ಮೂರನೇ ಮಹಡಿಯೇ ಡ್ರಾಬ್ಯಾಕ್. ಗೋಡೆ ಬಿರುಕು ಬಿಟ್ಟು ಮಳೆನೀರು ಸೋರುತ್ತಿದ್ದರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಡಿಫೆಕ್ಟ್’ ಎಂಬ ಬೇರೆ ಪದವಿದೆ. ನಮ್ಮ ‘ದೋಷ’ಕ್ಕೆ ಸರಿಸಮನಾಗಿ ನಿಲ್ಲುವುದು ಅದು.

ಕನ್ನಡದಲ್ಲಿ ‘ದೋಷ’ ಎಲ್ಲೆಲ್ಲಿ ಬರುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಮುದ್ರಣದೋಷ, ಕಾಗುಣಿತದೋಷ, ದೃಷ್ಟಿದೋಷ, ಕುಜದೋಷ, ನ್ಯಾಯಾಲಯದ ದೋಷಾರೋಪ ಪಟ್ಟಿ. ಇವೆಲ್ಲವೂ ಇರಬಾರದಿತ್ತು, ಆದರೆ ಇವೆ ಎಂಬ ಭಾವವನ್ನು ಹೊತ್ತಿವೆ. ದೋಷವನ್ನು ತಿದ್ದಬೇಕು, ಇಲ್ಲವೇ ಪರಿಹಾರ ಮಾಡಿಸಬೇಕು, ಇಲ್ಲವೇ ಅದು ಯಾರದೋ ತಪ್ಪೆಂದು ಹೊರಿಸಬೇಕು. ಡ್ರಾಬ್ಯಾಕ್ ಹಾಗಲ್ಲ, ಅದನ್ನು ಲೆಕ್ಕಕ್ಕೆ ಹಿಡಿದು, ಸಹಿಸಬಹುದೇ ಎಂದು ಯೋಚಿಸಿ, ನಂತರ ವಸ್ತುವನ್ನು ಒಪ್ಪಿಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸುತ್ತೇವೆ. ನಿಮ್ಮ ಹಿರಿಯರಿಗೆ ಗೊಂದಲವಾದದ್ದು ಇಲ್ಲಿಯೇ: ದೋಷವಿದೆ ಎಂದು ಬರೆದು ಅದನ್ನೇ ಹಾಕಿಸಿಕೊಳ್ಳಿ ಎನ್ನುವ ಕೈಪಿಡಿ ಅವರಿಗೆ ಅರ್ಥವಾಗುವುದಾದರೂ ಹೇಗೆ?

ಈ ವ್ಯತ್ಯಾಸವನ್ನು ನನಗೆ ಮನಗಾಣಿಸಿದ್ದು ಪುಸ್ತಕವಲ್ಲ, ಚುಂಚನಕಟ್ಟೆಯ ದನಗಳ ಜಾತ್ರೆ. ಚಿಕ್ಕಂದಿನಲ್ಲಿ ನಮ್ಮ ತಂದೆಯೊಡನೆ ಹೋಗಿದ್ದಾಗ, ಒಂದು ಹಳ್ಳಿಕಾರ್ ಹೋರಿಯ ಸುತ್ತ ಅವರು ಎರಡು ಬಾರಿ ತಿರುಗಿ, ಹಣೆ, ಬೆನ್ನು, ಭುಜದ ಮೇಲಿನ ಸುಳಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಬಾಯಿ ಬಿಡಿಸಿ ಹಲ್ಲು ಎಣಿಸಿ, ಹತ್ತು ಹೆಜ್ಜೆ ನಡೆಸಿ, ಕೊನೆಗೆ ಮಾರುವವನಿಗೆ “ಐಬಿಲ್ಲ” ಎಂದರು. ಸುಳಿ ತಪ್ಪಾಗಿದ್ದರೆ ಅಂದಿನವರ ಲೆಕ್ಕದಲ್ಲಿ ಅದು ದೋಷ. ಕಾಲು ಎಳೆಯುತ್ತಿದ್ದರೆ ಅದು ಐಬು. ಅದೇ ದಿನ ಪಕ್ಕದಲ್ಲಿ ಒಬ್ಬರು ಹಳ್ಳಿಕಾರ್ ಹಸುವಿನ ವ್ಯಾಪಾರ ಬಿಟ್ಟು ಎದ್ದರು. ಹಸುವಿನಲ್ಲಿ ಕುಂದೇನೂ ಇರಲಿಲ್ಲ. ಹಳ್ಳಿಕಾರ್ ಉಳುಮೆಗೆ ಮತ್ತು ಗಾಡಿಗೆ ಹೆಸರಾದ ತಳಿ, ಹಾಲು ಕಡಿಮೆ. ಅವರಿಗೆ ಬೇಕಾಗಿದ್ದದ್ದು ಹಾಲು. ಕಡಿಮೆ ಹಾಲು ಆ ತಳಿಯ ಸ್ವಭಾವ, ಯಾರ ತಪ್ಪೂ ಅಲ್ಲ. ಎತ್ತು ಬೇಕಾದವನಿಗೆ ಅದು ಗಣನೆಗೇ ಬರುವುದಿಲ್ಲ, ಹಾಲು ಮಾರುವವನಿಗೆ ಅದೇ ದೊಡ್ಡ ಡ್ರಾಬ್ಯಾಕ್. ದೋಷವನ್ನು ವಸ್ತುವಿನಲ್ಲಿ ಹುಡುಕುತ್ತೇವೆ. ಡ್ರಾಬ್ಯಾಕ್ ಕಾಣಬೇಕಾದರೆ ವಸ್ತುವಿನ ಜೊತೆಗೆ ಅದನ್ನು ಬಳಸುವವರ ಅಗತ್ಯವನ್ನೂ ನೋಡಬೇಕು.

ಇನ್ನು ‘ಹಿನ್ನಡೆ’ಯ ವಿಷಯ. ‘ಬ್ಯಾಕ್’ ಎಂಬುದನ್ನು ಕಂಡು ‘ಹಿನ್’ ಎಂದು ಸೇರಿಸುವ ಆಸೆ ಸಹಜ, ಆದರೆ ಇಲ್ಲಿ ಅದು ಸಲ್ಲದು. ಹಿನ್ನಡೆ ಎಂದರೆ ನಡೆದುಹೋದ ಘಟನೆ: ಚುನಾವಣೆಯಲ್ಲಿ ಹಿನ್ನಡೆ, ನ್ಯಾಯಾಲಯದಲ್ಲಿ ಹಿನ್ನಡೆ. ಇಂಗ್ಲಿಷಿನ ‘ಸೆಟ್‌ಬ್ಯಾಕ್’ಗೆ ಅದನ್ನು ಮೀಸಲಿಡಿ. ‘ನ್ಯೂನತೆ’ ಎಂದರೆ ಇರಬೇಕಾದಷ್ಟು ಇಲ್ಲ ಎಂದು. ಕಬ್ಬಿಣಾಂಶದ ನ್ಯೂನತೆ ಎನ್ನುತ್ತಾರೆ. ಅಳಿಲು ಪೈಪು ಕಡಿಯುವುದು ಯಾವುದರ ನ್ಯೂನತೆಯೂ ಅಲ್ಲ. ‘ಕುಂದುಕೊರತೆ’ ಒಂದು ಕಾಲಕ್ಕೆ ಬಹಳ ಒಳ್ಳೆಯ ಮಾತಾಗಿತ್ತು. ಈಗ ವಿದ್ಯುತ್ ಗ್ರಾಹಕರ ಕುಂದುಕೊರತೆ ಸಭೆ ಎಂಬಂತಹ ಬಳಕೆಯಿಂದಾಗಿ ಜನರಿಗೆ ಅದು ದೂರು, ಅಹವಾಲು ಎಂದೇ ಕೇಳಿಸುತ್ತದೆ.

ನನ್ನ ಮನಸ್ಸಿಗೆ ಹೊಂದುವ ಪದ ‘ಅನನುಕೂಲ’. ‘ಅನ್’ ಮತ್ತು ‘ಅನುಕೂಲ’ ಸೇರಿ ‘ಅನನುಕೂಲ’ ಆಗುತ್ತದೆ, ‘ಅನನುಭವಿ’ ಆದ ಹಾಗೆಯೇ. ಪತ್ರಿಕೆಗಳಲ್ಲಿ ‘ಅನಾನುಕೂಲ’ ಎಂದೇ ಹೆಚ್ಚಾಗಿ ಅಚ್ಚಾಗುತ್ತದೆ. ಜನ ಅದನ್ನು ಒಪ್ಪಿಯೂ ಇದ್ದಾರೆ. ಆದರೂ ನೀವು ಅಚ್ಚು ಹಾಕಿಸುತ್ತಿರುವುದರಿಂದ ಸರಿಯಾದ ರೂಪವನ್ನೇ ಬಳಸಿ ಎಂದು ಕೇಳಿಕೊಳ್ಳುತ್ತೇನೆ.

ಊದುಬತ್ತಿ ಲೆಕ್ಕ (ಮೈಸೂರು)

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸಬೇಕಾದ ಒಂದು ಸಂಗತಿಯಿದೆ. ಇದನ್ನು ಅರಿಯದೆ ಅನುವಾದ ಮಾಡಿದರೆ ಎಂತಹ ಅನಾಹುತವಾಗುತ್ತದೆ ಎಂಬುದನ್ನು ನಾನೇ ಕಂಡಿದ್ದೇನೆ.

ನಾನು ಊದುಬತ್ತಿ ರಫ್ತು ಮಾಡುವ ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಕಚೇರಿಯಲ್ಲಿ “ಡ್ರಾಬ್ಯಾಕ್ ಬಂತೇ?” ಎಂದು ಯಾರಾದರೂ ಕೇಳಿದರೆ, ಅದು ಹಣ ಬಂತೇ ಎಂಬ ಪ್ರಶ್ನೆ. ವಿದೇಶದಿಂದ ಕಚ್ಚಾ ಸಾಮಗ್ರಿ ತರಿಸಿದಾಗ ಸುಂಕ ಕಟ್ಟಿರುತ್ತೇವೆ. ಆ ಸಾಮಗ್ರಿಯಿಂದ ತಯಾರಿಸಿದ ಸರಕು ಮತ್ತೆ ದೇಶದ ಹೊರಗೇ ಹೋದರೆ, ಕಟ್ಟಿದ ಸುಂಕದ ಭಾಗವನ್ನು ಸರ್ಕಾರ ಹಿಂದಿರುಗಿಸುತ್ತದೆ. ಇಲ್ಲಿ ಬಳಕೆಯಾಗದ ಸರಕಿನ ಮೇಲೆ ಇಲ್ಲಿನ ಸುಂಕದ ಹೊರೆ ಉಳಿಯಬಾರದು ಎಂಬುದು ಇದರ ತತ್ತ್ವ. 1962ರ ಕಸ್ಟಮ್ಸ್ ಕಾಯ್ದೆಯ 75ನೇ ಕಲಂನಲ್ಲಿ ಇದಕ್ಕೆ ಅವಕಾಶವಿದೆ. ತರಿಸಿಕೊಂಡ ಸರಕನ್ನು ಹಾಗೆಯೇ ಮರಳಿ ಕಳುಹಿಸಿದರೆ ಅನ್ವಯವಾಗುವುದು 74ನೇ ಕಲಂ. ಕಾಯ್ದೆಯಲ್ಲಿ ಈ ಮರಳಿ ಬರುವ ಹಣಕ್ಕೆ ಇರುವ ಹೆಸರೇ ‘ಡ್ರಾಬ್ಯಾಕ್’. ನಾವು ಮಾತಿನಲ್ಲಿ ‘ಡಿಬಿಕೆ’ ಎಂದೂ ಚುಟುಕಾಗಿ ಹೇಳುತ್ತೇವೆ.

ಊದುಬತ್ತಿಯಲ್ಲಿ ಇದು ಸಣ್ಣ ವಿಷಯವಲ್ಲ. ಬತ್ತಿಯೊಳಗಿನ ಬಿದಿರು ಕಡ್ಡಿ ದೊಡ್ಡ ಪ್ರಮಾಣದಲ್ಲಿ ವಿಯೆಟ್ನಾಂ ಮತ್ತು ಚೀನಾದಿಂದ ಬರುತ್ತಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆ ಕಡ್ಡಿಯ ಆಮದು ಸುಂಕವನ್ನು ಶೇ 10ರಿಂದ ಶೇ 25ಕ್ಕೆ ಏರಿಸಿತು. ಇಲ್ಲಿನ ಬಿದಿರಿಗೆ ಮಾರುಕಟ್ಟೆ ಸಿಗಲಿ ಎಂಬುದು ಉದ್ದೇಶವಾಗಿದ್ದರೂ, ಹೊರಗಿನ ಕಡ್ಡಿ ಬಳಸಿ ರಫ್ತು ಮಾಡುವವರಿಗೆ ಮರಳಿ ಬರುವ ಸುಂಕದ ಲೆಕ್ಕ ಅಂದಿನಿಂದ ಇನ್ನಷ್ಟು ಮುಖ್ಯವಾಯಿತು.

ಈಗ ಅನಾಹುತದ ವಿಷಯಕ್ಕೆ ಬರುತ್ತೇನೆ. ವರ್ಷದ ಲೆಕ್ಕದ ಸಾರಾಂಶವನ್ನು ಹಿರಿಯ ಪಾಲುದಾರರೊಬ್ಬರು ಕನ್ನಡದಲ್ಲಿ ಓದಲು ಬಯಸುತ್ತಿದ್ದರು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಶ್ರದ್ಧೆಯಿಂದ ಕುಳಿತು ಅನುವಾದ ಮಾಡಿಕೊಟ್ಟ. ‘ಡ್ಯೂಟಿ ಡ್ರಾಬ್ಯಾಕ್’ ಇದ್ದ ಸಾಲಿಗೆ ಅವನು ‘ಕರ್ತವ್ಯಲೋಪ’ ಎಂದು ಬರೆದಿದ್ದ. ‘ಡ್ಯೂಟಿ’ ಎಂದರೆ ಕರ್ತವ್ಯ, ‘ಡ್ರಾಬ್ಯಾಕ್’ ಎಂದರೆ ಲೋಪ. ಒಂದೊಂದು ಪದವನ್ನೂ ನಿಘಂಟಿನಲ್ಲಿ ನೋಡಿಯೇ ಬರೆದದ್ದು. ಪಾಲುದಾರರು ಆ ಸಾಲಿನ ಎದುರಿಗಿದ್ದ ಮೊತ್ತವನ್ನು ನೋಡಿ, ಯಾರ ಕರ್ತವ್ಯಲೋಪದಿಂದ ಇಷ್ಟು ಹಣ ಹೋಯಿತು ಎಂದು ಗಾಬರಿಯಿಂದ ಎಲ್ಲರನ್ನೂ ಕರೆಸಿದರು. ಹೋದ ಹಣವಲ್ಲ, ಬಂದ ಹಣ ಎಂದು ತಿಳಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ತಪ್ಪು ಅವನದಲ್ಲ, ಹಾಳೆಯನ್ನು ಮೊದಲು ನೋಡದೆ ಮೇಲಕ್ಕೆ ಕಳುಹಿಸಿದ ನನ್ನದು ಎಂದು ಅಂದೇ ಹೇಳಿದೆ. ಅಂದಿನಿಂದ ಆ ಸಾಲಿಗೆ ‘ಸುಂಕ ವಾಪಸಾತಿ’ ಎಂದು ಬರೆಯುತ್ತಿದ್ದೇವೆ.

ಈ ಅರ್ಥ ಹೊಸದೇನೂ ಅಲ್ಲ. 1776ರಲ್ಲಿ ಪ್ರಕಟವಾದ ಆಡಂ ಸ್ಮಿತ್ತನ ಅರ್ಥಶಾಸ್ತ್ರದ ಹೆಸರಾಂತ ಗ್ರಂಥದಲ್ಲಿ ಡ್ರಾಬ್ಯಾಕ್‌ಗಳ ಬಗ್ಗೆಯೇ ಒಂದು ಪೂರ್ತಿ ಅಧ್ಯಾಯವಿದ್ದು, ಅದು ಈ ಸುಂಕ ವಾಪಸಾತಿಯನ್ನು ಕುರಿತದ್ದು. ಹಿಂದಕ್ಕೆ ಎಳೆ ಎಂಬ ಅದೇ ಚಿತ್ರ ಇಲ್ಲಿಯೂ ಇದೆ. ಒಂದು ಕಡೆ ಮುನ್ನಡೆಯನ್ನು ಹಿಂದಕ್ಕೆ ಜಗ್ಗುತ್ತದೆ, ಇನ್ನೊಂದು ಕಡೆ ಕೊಟ್ಟ ಹಣವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ನಾಲೆಬಯಲು ಅವರ ಕೈಪಿಡಿಗೆ ಇದು ಬೇಕಾಗದೇ ಇರಬಹುದು. ಆದರೆ ಈ ಪ್ರಶ್ನೆಯನ್ನು ಹುಡುಕಿಕೊಂಡು ಮುಂದೆ ಬರುವವರಲ್ಲಿ ರೇಷ್ಮೆಯವರೋ ಕಾಫಿಯವರೋ ಇದ್ದರೆ, ಅವರ ಕಾಗದದಲ್ಲಿರುವ ಡ್ರಾಬ್ಯಾಕ್ ಯಾವುದೆಂದು ಮೊದಲು ನೋಡಿಕೊಳ್ಳಲಿ.

ಮೂರನೆಯ ಬೆಂಚು (ಮಂಡ್ಯ)

ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮೇಷ್ಟ್ರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಒಂದು ಕಡೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ.

‘ದೋಷ’ವನ್ನು ಪೂರ್ತಿಯಾಗಿ ಹೊರಗಿಡುವುದು ಸಾಧ್ಯವಿಲ್ಲ. ‘ಗುಣದೋಷಗಳು’ ಎಂಬ ಜೋಡಿಪದ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಸರಾಸರಿಯ ಗುಣದೋಷಗಳನ್ನು ವಿವರಿಸಿ ಎಂದು ಪರೀಕ್ಷೆಯಲ್ಲಿ ಕೇಳಿದರೆ, ಒಂದೆರಡು ವಿಪರೀತ ಬೆಲೆಗಳಿಂದ ಸರಾಸರಿ ಏರುಪೇರಾಗುತ್ತದೆ ಎಂದು ಮಕ್ಕಳು ದೋಷದ ಕೆಳಗೆ ಬರೆಯುತ್ತಾರೆ. ಒಂಬತ್ತು ಮಂದಿಗೆ ತಲಾ ಒಂದು ಎಕರೆ, ಹತ್ತನೆಯವನಿಗೆ ನಲವತ್ತೊಂದು ಎಕರೆ ಇದ್ದರೆ ಸರಾಸರಿ ಐದು ಎಕರೆ ಬರುತ್ತದೆ, ಆದರೆ ಐದು ಎಕರೆ ಇರುವವನು ಅಲ್ಲಿ ಒಬ್ಬನೂ ಇಲ್ಲ. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಅದನ್ನು ದೋಷ ಎಂದೇ ಕರೆದಿದ್ದೇವೆ, ಯಾರೂ ತಪ್ಪು ತಿಳಿದಿಲ್ಲ. ಏಕೆಂದರೆ ‘ಗುಣ’ ಪಕ್ಕದಲ್ಲಿ ನಿಂತು ಅದರ ಮೊನಚನ್ನು ಕಡಿಮೆ ಮಾಡುತ್ತದೆ. ಒಂಟಿಯಾಗಿ ತಲೆಬರಹದಲ್ಲಿ ನಿಂತಾಗ ಮಾತ್ರ ‘ದೋಷ’ ಹೆದರಿಸುತ್ತದೆ. ಇಂಗ್ಲಿಷಿನ ‘ಡಿಮೆರಿಟ್’ ಕೂಡ ಹೀಗೆಯೇ ‘ಮೆರಿಟ್’ ಜೊತೆಗಿದ್ದಾಗ ಸಹಜವಾಗಿ ಕೇಳಿಸುತ್ತದೆ.

ಇನ್ನೊಂದು ಜೋಡಿಪದವನ್ನು ಇಲ್ಲಿ ಯಾರೂ ಹೇಳಲಿಲ್ಲವೆಂದು ಆಶ್ಚರ್ಯವಾಯಿತು: ‘ಸಾಧಕ ಬಾಧಕಗಳು’. ಒಂದು ಮದುವೆಯ ಮಾತಾಗಲಿ, ಜಮೀನು ಕೊಳ್ಳುವುದಾಗಲಿ, ಮನೆಯ ಹಿರಿಯರು “ಸಾಧಕ ಬಾಧಕ ಯೋಚನೆ ಮಾಡಿ ಮುಂದುವರಿಯಿರಿ” ಎನ್ನುತ್ತಾರೆ. ಇಂಗ್ಲಿಷಿನವರು ‘ಪ್ರೋಸ್ ಅಂಡ್ ಕಾನ್ಸ್’ ಎನ್ನುವುದೂ ಇದನ್ನೇ. ಅವರು ಲ್ಯಾಟಿನ್ನಿನಿಂದ ತಂದುಕೊಂಡರು, ನಾವು ಸಂಸ್ಕೃತದಿಂದ. ಅವರ ‘ಕಾನ್’ ಎಂಬುದು ವಿರುದ್ಧ ಎಂಬ ಅರ್ಥದ ‘ಕಾಂಟ್ರಾ’ ಎಂಬುದರ ತುಂಡು. ವಂಚಕನನ್ನು ‘ಕಾನ್ ಮ್ಯಾನ್’ ಎನ್ನುವಾಗಿನ ‘ಕಾನ್’ ನಂಬಿಕೆ ಎಂಬ ಅರ್ಥದ ‘ಕಾನ್ಫಿಡೆನ್ಸ್’ನಿಂದ ಬಂದದ್ದು, ನನ್ನ ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಇಷ್ಟಾದರೂ ‘ಬಾಧಕ’ವನ್ನು ಒಂಟಿಯಾಗಿ ಬಳಸಲು ನಾನು ಹೇಳಲಾರೆ. ‘ಬಾಧಕವಿಲ್ಲ’ ಎಂದು ಹಿಂದಿನವರು ಹೇಳುತ್ತಿದ್ದರು, ಆದರೆ ‘ಇದರ ಬಾಧಕಗಳು’ ಎಂದರೆ ಈಗಿನವರಿಗೆ ಬಾಧೆ, ನೋವು ಎಂದೇ ಕೇಳುತ್ತದೆ.

ನಾಲೆಬಯಲು (ಮಂಡ್ಯ)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ‘ಕರ್ತವ್ಯಲೋಪ’ದ ಪ್ರಸಂಗ ಓದಿ, ನಿಘಂಟನ್ನು ನಂಬಿ ನಾನೂ ಇನ್ನೆಲ್ಲಿ ಎಡವಿದ್ದೇನೋ ಎಂಬ ಅಳುಕಿನಿಂದ ಇಡೀ ಕರಡನ್ನು ಮತ್ತೊಮ್ಮೆ ಓದಿದೆ.

ನಿನ್ನೆ ಸಂಜೆ ಆ ಹಿರಿಯರ ಮನೆಗೇ ಹೋಗಿದ್ದೆ. ಜಗಲಿಯ ಮೇಲೆ ಕೂರಿಸಿಕೊಂಡು, ಐದೂ ಅಂಶಗಳನ್ನು ಒಂದೊಂದಾಗಿ ಓದಿಸಿಕೊಂಡರು. ಅಳಿಲಿನ ಮಾತು ಬಂದಾಗ “ಅದು ಕಾಟ” ಎಂದರು. ಡ್ರಿಪ್ಪರು ಮುಚ್ಚಿಕೊಳ್ಳುವುದಕ್ಕೆ “ಅದು ತೊಡಕು, ಆಸಿಡ್ ಬುಟ್ರೆ ಹೋಯ್ತದಂತೆ” ಎಂದರು. ಮೊದಲು ಹಾಕಬೇಕಾದ ಹಣಕ್ಕೆ “ಅದು ಖರ್ಚು ಕಣವ್ವ, ಅದ್ಕೇನು ಹೆಸ್ರು?” ಎಂದರು. ನಾಲೆಯ ಕಟ್ಟಿನ ವಿಷಯಕ್ಕೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕಡೆಗೆ ಇದು ಹೊಂದಾಕಿಲ್ಲ ಅಂತ ಬರಿ” ಎಂದರು. ಅವರ ಬಾಯಲ್ಲಿ ಐದು ಅಂಶಗಳಿಗೆ ಒಂದೇ ಹೆಸರು ಬರಲೇ ಇಲ್ಲ.

ಆದ್ದರಿಂದ ತಲೆಬರಹವನ್ನು ‘ಹನಿ ನೀರಾವರಿಯ ತೊಡಕುಗಳು’ ಎಂದು ಮಾಡೋಣವೆಂದುಕೊಂಡಿದ್ದೇನೆ. ‘ಅನನುಕೂಲ’ ಸರಿಯಾದ ಪದವೇ ಆದರೂ, ಓದುವಾಗ ನಾಲಿಗೆ ತಡವರಿಸುತ್ತದೆ ಎಂದು ಗುಂಪಿನ ಇಬ್ಬರು ಹೇಳಿದರು. ಮೇಷ್ಟ್ರು ಒಪ್ಪುವರೇ?

ಹಳೆಯ ಮೇಷ್ಟ್ರು (ಮೈಸೂರು)

‘ಅನನುಕೂಲ’ವನ್ನು ಬಿಟ್ಟುಕೊಡಲು ನನಗೆ ಬೇಸರವಿಲ್ಲ, ಓದುವವರಿಗೆ ತೊಡರುವ ಪದ ಸರಿಯಾಗಿದ್ದೂ ಏನು ಪ್ರಯೋಜನ? ಮೂರನೆಯ ಬೆಂಚು ಅವರು ‘ಗುಣದೋಷ’ದ ಬಗ್ಗೆ ಹೇಳಿದ್ದನ್ನೂ ಒಪ್ಪುತ್ತೇನೆ, ನನ್ನ ಮಾತು ಅಲ್ಲಿ ಸ್ವಲ್ಪ ಅತಿಯಾಯಿತು.

ಆದರೆ ‘ತೊಡಕು’ ಐದನ್ನೂ ಹೊರಲಾರದು. ತೊಡಕು ಎಂದರೆ ನೂಲು ಸಿಕ್ಕುಗಟ್ಟಿದ ಹಾಗೆ, ಬಿಡಿಸಿದರೆ ಬಿಡುತ್ತದೆ. ಡ್ರಿಪ್ಪರಿಗೆ, ಅಳಿಲಿಗೆ, ಪೈಪು ಸುತ್ತಿಡುವ ಕೆಲಸಕ್ಕೆ ಅದು ಸರಿ. ಖರ್ಚನ್ನು ಮತ್ತು ನಾಲೆಯ ಕಟ್ಟನ್ನು ರೈತ ಎಷ್ಟು ಬಿಡಿಸಿದರೂ ಬಿಡಿಸಲಾರ. ನಿಮ್ಮ ಹಿರಿಯರು ಅವುಗಳನ್ನು ಬೇರೆಯಾಗಿಟ್ಟದ್ದು ನನಗೆ ಬಹಳ ಸರಿಯೆನಿಸಿತು, ಮತ್ತು ಮೂಲ ಇಂಗ್ಲಿಷಿನಲ್ಲಿ ಒಂದೇ ಪದವಿದೆ ಎಂಬ ಕಾರಣಕ್ಕೆ ನೀವು ಅದನ್ನು ಮತ್ತೆ ಒಂದುಗೂಡಿಸಬೇಕಾಗಿಲ್ಲ. ‘ಹಾಕಿಸುವ ಮುನ್ನ ಯೋಚಿಸಬೇಕಾದದ್ದು’ ಎಂಬ ತಲೆಬರಹದ ಕೆಳಗೆ ಖರ್ಚು ಮತ್ತು ನೀರಿನ ಸರದಿಯನ್ನು ಬರೆಯಿರಿ. ‘ಹಾಕಿಸಿದ ಮೇಲೆ ಬರುವ ತೊಡಕುಗಳು’ ಎಂಬುದರ ಕೆಳಗೆ ಉಳಿದ ಮೂರನ್ನು ಬರೆಯಿರಿ.

ಇಂಗ್ಲಿಷಿನಲ್ಲಿ ಬರೆಯುವಾಗಿನ ಎಚ್ಚರವನ್ನೂ ಹೇಳಿಬಿಡುತ್ತೇನೆ. ನಾಮಪದವಾದಾಗ ‘ಡ್ರಾಬ್ಯಾಕ್’ ಒಂದೇ ಪದ. ಬಿಡಿಸಿ ಎರಡು ಪದವಾಗಿ ಬರೆದರೆ ಹಿಂದೆ ಸರಿ ಎಂಬ ಕ್ರಿಯಾಪದವಾಗುತ್ತದೆ. ಅದರ ನಂತರ ‘ಆಫ್’ ಮತ್ತು ‘ಟು’ ಎರಡೂ ಬರಬಹುದು.

ನಾಲೆಬಯಲು (ಮಂಡ್ಯ)

ಹಾಗೆಯೇ ಎರಡು ಭಾಗ ಮಾಡಿದ್ದೇನೆ. ಮೂರನೆಯ ಪುಟದಲ್ಲಿ ಹಿಡಿಸದೆ ನಾಲ್ಕು ಸಾಲು ಮುಂದಿನ ಪುಟಕ್ಕೆ ಹೋಯಿತು, ಪರವಾಗಿಲ್ಲ. ಭಾನುವಾರದ ಸಭೆಯಲ್ಲಿ ಆ ಪುಟವನ್ನು ಹಿರಿಯರಿಂದಲೇ ಓದಿಸಬೇಕೆಂದಿದ್ದೇನೆ. ಅದಕ್ಕಾಗಿ ಅಕ್ಷರಗಳನ್ನು ಸ್ವಲ್ಪ ದೊಡ್ಡದು ಮಾಡಿಸುತ್ತಿದ್ದೇನೆ.